ದೊಡ್ಡ ಗುಂಡಿನ ಪಿಸ್ತೂಲು, ಯಜಮಾನರ ಕಿವಿ

ನಮ್ಮ ಯಜಮಾನರಿಗೆ ದೇವರು ಕೊಟ್ಟಿದ್ದು ಒಂದೇ ವಿದ್ಯೆ, ಅದನ್ನು ಕಿವಿಯಲ್ಲಿ ಇಟ್ಟಿದ್ದ. ತಿಪಟೂರು ಸೀಮೆಯಲ್ಲಿ ನಾವು ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು ಉಂಡೆಯಾದ ಮೇಲೆ, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಬೇರೆಯವರಿಗೆ ಕೇಳುವುದು ಅಷ್ಟೇ. ಇವರಿಗೆ ಅದು ಪೂರಾ ಒಣಗಿದೆಯೋ, ಒಂದು ಕಡೆ ಅಂಟಿಕೊಂಡಿದೆಯೋ, ಬೂಸ್ಟು ಹಿಡಿದಿದೆಯೋ ಎಲ್ಲವೂ ಕೇಳುತ್ತಿತ್ತು. ಶೆಟ್ಟಿಕೆರೆ, ಹಂದನಕೆರೆ ಕಡೆಯ ಬೆಳೆಗಾರರು ಚೀಲದಲ್ಲಿ ನಾಲ್ಕು ಕಾಯಿ ತಂದು ನಮ್ಮ ನಡುಮನೆಯಲ್ಲಿ ಕೂರುತ್ತಿದ್ದರು. ಇವರು ಅಲ್ಲಾಡಿಸಿ "ಆಗೈತೆ" ಅಂದರೆ ಮುಗಿಯಿತು, ಇಡೀ ಅಟ್ಟ ಕೆಳಗಿಳಿಯುತ್ತಿತ್ತು. ನಾವು ಉಣ್ಣುವ ಅನ್ನ ಆ ಕಿವಿಯದು.

ಇಂಥವರಿಗೆ ಪಿಸ್ತೂಲಿನ ಹುಚ್ಚು ಹಿಡಿಯಿತು. ನಮ್ಮ ಮಾವನವರ ಕಾಲದ ಒಂದು ಸಣ್ಣ ಪಿಸ್ತೂಲು ಲೈಸೆನ್ಸ್ ಸಮೇತ ಬೀರುವಿನಲ್ಲಿತ್ತು. ಅವರು ಕೊಬ್ಬರಿ ಮಂಡಿಯಿಂದ ನೋಟಿನ ಕಂತೆ ತರುತ್ತಿದ್ದರು, ಬೇಕಿತ್ತು. ಈಗ ದುಡ್ಡು ಮೊಬೈಲಿನಲ್ಲಿ ಟಿಂಗ್ ಅಂತ ಬಂದು ಬೀಳುತ್ತದೆ. ಕಳ್ಳ ಬಂದರೂ ಪಾಸ್‌ವರ್ಡ್ ಕೇಳಬೇಕು, ಅದು ಇವರಿಗೇ ನೆನಪಿರುವುದಿಲ್ಲ. ಎಳನೀರು ಕೀಳುವ ಕೋತಿಗೆ ಹೊಡೆಯೋಣವೆಂದರೆ ಅದು ಆಂಜನೇಯ, ಕಂಡ ಕೂಡಲೇ ಇವರೇ ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ. ಹಂದಿಗೆ ಹೊಡೆದರೆ ಫಾರೆಸ್ಟಿನವರು ಮನೆಗೆ ಬರುತ್ತಾರೆ. ಹೊಡೆಯುವುದಕ್ಕೆ ಲೋಕದಲ್ಲಿ ಏನೂ ಇಲ್ಲ, ಆದರೆ ಹೊಡೆತ ಮಾತ್ರ ಜೋರಾಗಿರಬೇಕು.

ಊಟದ ಹೊತ್ತಿಗೂ ಮೊಬೈಲಿನಲ್ಲಿ ಅಮೆರಿಕದವರು ಪಿಸ್ತೂಲಿನಿಂದ ಕಲ್ಲಂಗಡಿ ಒಡೆಯುವ ವಿಡಿಯೋ. "ನಮ್ಮದು ಹೆಂಗಸ್ರು ಬ್ಯಾಗಲ್ಲಿ ಇಟ್ಕೊಳೋ ಸಾಮಾನು ಕಣೇ. ಇದಕ್ಕೇ ದೊಡ್ ಗುಂಡು ಹಿಡಿಯೋ ಹಂಗೆ ಮಾಡಿಸ್ಬೇಕು" ಅಂದರು. ಬಂದೂಕಿನ ಅಂಗಡಿಯವನು ನೋಡಿ ನಕ್ಕ. ಇದರ ಕಬ್ಬಿಣ ಅಷ್ಟು ಏಟು ತಡೆಯುವುದಿಲ್ಲ, ಲೈಸೆನ್ಸೂ ಒಪ್ಪುವುದಿಲ್ಲ ಅಂದ. ಇಷ್ಟಕ್ಕೆ ಬಿಡುವವರಾದರೆ ಇವರು ನಮ್ಮ ಯಜಮಾನರು ಹೇಗಾದಾರು? ಕಚೇರಿಗಳನ್ನು ಸುತ್ತಿ, ಲೈಸೆನ್ಸ್ ಬದಲಿಸಿ, ದೊಡ್ಡ ಗುಂಡಿನ ಹಳೆಯ ಫಾರಿನ್ ಪಿಸ್ತೂಲು ತಂದರು. ಮಗಳ ಮದುವೆಗೂ ಇಷ್ಟು ಓಡಾಡಿದವರಲ್ಲ.

ಆಮೇಲೆ ಶುರುವಾಯಿತು ಅದಕ್ಕೆ ಶೃಂಗಾರ. ಸ್ಪ್ರಿಂಗು ಹೊಸದು. ಹಿಡಿಗೆ ನಮ್ಮ ತೋಟದ ಮುದಿ ತೆಂಗಿನ ಮರದ ಗಟ್ಟಿ ಚೇಗು, ಬಡಗಿಯಿಂದ ಕೆತ್ತಿಸಿದ್ದು. ಹೊಡೆದಾಗ ಕೈಯಲ್ಲಿ ಎಗರುತ್ತದೆಂದು ನಳಿಗೆಯ ಬಾಯಿಗೆ ಸೀಳುಗಳಿರುವ ಒಂದು ಕಬ್ಬಿಣದ ತುಂಡನ್ನು ಹಾಕಿಸಿದರು. ಅಂಗಡಿಯವನು ಆಗ ಹೇಳಿದ್ದನ್ನು ನಾನು ಎದುರಿಗೇ ಕೇಳಿದ್ದೇನೆ: "ಎಗರೋದು ಕಮ್ಮಿ ಆಗುತ್ತೆ ಸಾರ್, ಆದ್ರೆ ಸದ್ದು ನಿಮ್ ಕಡೆಗೇ ಬರುತ್ತೆ. ಕಿವಿ ಮುಚ್ಚದೆ ಹೊಡೀಬೇಡಿ." ಬರುವ ದಾರಿಯುದ್ದಕ್ಕೂ ನಾನು ಅದನ್ನೇ ಹೇಳಿದೆ. ಕಿವಿ ಹೋದರೆ ವ್ಯಾಪಾರ ಹೋಯಿತು, ವ್ಯಾಪಾರ ಹೋದರೆ ನಿಮ್ಮನ್ನು ಸಾಹುಕಾರ ಅನ್ನುವವರು ಯಾರು ಅಂದೆ. "ಸುಮ್ನೆ ಕೂತ್ಕೊಳೇ, ನನ್ ಕಿವಿ ನನಗ್ ಗೊತ್ತಿಲ್ವಾ" ಅಂದರು.

ಅಂಗಡಿಯವನು ಎಣ್ಣೆಯ ಪುಟ್ಟ ಬಾಟಲಿಯನ್ನೂ ಕೊಟ್ಟಿದ್ದ. ಇವರು ಮೂಸಿ ನೋಡಿ ಪಕ್ಕಕ್ಕಿಟ್ಟರು. ಮನೆಯಲ್ಲಿ ಗಾಣದ ಕೊಬ್ಬರಿ ಎಣ್ಣೆ ಇರುವಾಗ ಆ ಸೀಮೆಎಣ್ಣೆ ವಾಸನೆಯದು ಯಾಕೆ ಅಂತ, ಹಸುಗೂಸಿಗೆ ತಿಕ್ಕಿದ ಹಾಗೆ ಪಿಸ್ತೂಲಿಗೆ ಸಂದುಸಂದಿಗೂ ತಿಕ್ಕಿದರು. ಧನುರ್ಮಾಸದ ಚಳಿ. ಆ ಚಳಿಯಲ್ಲಿ ನಮ್ಮ ಬಚ್ಚಲಿನ ಎಣ್ಣೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸದೆ ಯಾರೂ ತಲೆಗೆ ಹಚ್ಚುವುದಿಲ್ಲ. ಪಿಸ್ತೂಲಿನೊಳಗೂ ಅದು ಹಾಗೇ ಗಟ್ಟಿಯಾಗುತ್ತದೆಂದು ಕೊಬ್ಬರಿ ವ್ಯಾಪಾರಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಬಿಡಿ.

ಬೆಳಗಿನ ಚಳಿಯಲ್ಲೇ ಗುರಿ ಅಭ್ಯಾಸದ ಮೈದಾನಕ್ಕೆ ಹೋದೆವು. ಸದ್ದು ತಡೆಯಲು ಕಿವಿಗೆ ಹಾಕುವ ದಪ್ಪ ಮುಚ್ಚಳಗಳನ್ನು ನಾನೇ ಎರಡೂ ಕಡೆ ಒತ್ತಿ ಕೂರಿಸಿ, ನಿಪ್ಪಟ್ಟಿನ ಡಬ್ಬಿ ಇಟ್ಟುಕೊಂಡು ಹಿಂದಿನ ಬೆಂಚಿನ ಮೇಲೆ ಕೂತೆ. ಮೊದಲ ಗುಂಡು ಹಾರಿತು. ಬೆಂಚು ನಡುಗಿತು. ಎರಡನೆಯದಕ್ಕೆ ಪಿಸ್ತೂಲು ಸಿಕ್ಕಿಕೊಂಡಿತು, ಹಿಂದಕ್ಕೆ ಹೋದ ಮೇಲಿನ ಭಾಗ ಮುಂದಕ್ಕೆ ಮುಕ್ಕಾಲು ಬಂದು ನಿಂತಿತು. ಅಲ್ಲಿ ಗುರಿ ಹೊಡೆಯುವುದನ್ನು ಕಲಿಸುವವನು, "ಮೇಜಿನ ಮೇಲೆ ಇಡಿ, ಮುಟ್ಟಬೇಡಿ!" ಅಂತ ಕೂಗಿದ. ಇವರು ಏನು ಮಾಡಿದರು ಗೊತ್ತೆ? ಬಲಗಿವಿಯ ಮುಚ್ಚಳವನ್ನು ಎಡಗಡೆಯದೂ ಸಡಿಲವಾಗುವಂತೆ ಸರಿಸಿ, ಪಿಸ್ತೂಲನ್ನು ಕಿವಿಯ ಹತ್ತಿರಕ್ಕೆ ಎತ್ತಿ, ಅಲ್ಲಾಡಿಸಿದರು. ಗುಂಡು ಒಳಗೆ ಬಿಟ್ಟುಕೊಂಡಿದೆಯೋ ಅಂಟಿಕೊಂಡಿದೆಯೋ ಕೇಳುವುದಕ್ಕೆ!

ಅಲ್ಲಾಡಿಸಿದ ರಭಸಕ್ಕೆ ಸಿಕ್ಕಿಕೊಂಡಿದ್ದು ಸರಿಹೋಯಿತು. ಬೆರಳು ಇರಬಾರದ ಕಡೆ ಇತ್ತು. ಗುಂಡು ಚಾವಣಿಯ ಶೀಟು ತೂತು ಮಾಡಿಕೊಂಡು ಆಕಾಶಕ್ಕೆ ಹೋಯಿತು, ಸದ್ದು ಪೂರ್ತಿ ಇವರ ಕಿವಿಗೆ ಹೋಯಿತು. ಚೇಗಿನ ಹಿಡಿಗೆ ಒಂದು ಗೀರೂ ಬೀಳಲಿಲ್ಲ. ಓಡಿ ಹೋಗಿ ಹಿಡಿದುಕೊಂಡಾಗ ಇವರ ಕುತ್ತಿಗೆಯ ಮೇಲೆ ಸಣ್ಣಗೆ ರಕ್ತ ಇಳಿಯುತ್ತಿತ್ತು. ಒದ್ದುಬಿಡೋಣ ಅನ್ನಿಸಿತು, ಜೀವ ಉಳಿಯಿತಲ್ಲ ಅಂತ ಅಳುವೂ ಬಂತು.

ಬಲಗಿವಿ ಹೋಗಿದೆ ಅಂದರು ಡಾಕ್ಟರು. ಎಡಗಿವಿಗೆ ಎದುರು ನಿಂತು ಜೋರಾಗಿ ಆಡಿದ ಮಾತು ಕೇಳುತ್ತದೆ, ಸಣ್ಣ ಸದ್ದು ಇಲ್ಲ. ಪಿಸ್ತೂಲನ್ನು ಪೊಲೀಸರು ಒಯ್ದರು. ಕಿವಿ ಹೋಗಿದ್ದು ಊರಿಗೆ ಗೊತ್ತಾಗಿದ್ದರೆ ಬಿದ್ದು ಬಿದ್ದು ನಗುತ್ತಿತ್ತು, ವ್ಯಾಪಾರ ಅವತ್ತೇ ಮುಳುಗುತ್ತಿತ್ತು. ನಾವು ಯಾರಿಗೂ ಹೇಳಲಿಲ್ಲ.

ಈಗ ಬೆಳೆಗಾರರು ಬಂದಾಗ ನಾನು ಇವರ ಕುರ್ಚಿಯ ಹಿಂದೆ ನಿಲ್ಲುತ್ತೇನೆ. ಇವರು ಕಾಯಿಯನ್ನು ಆ ಸತ್ತ ಕಿವಿಗೆ ಹಿಡಿದು, ಹಳೆಯ ಗತ್ತಿನಲ್ಲೇ ಕಣ್ಣು ಮುಚ್ಚಿ ಅಲ್ಲಾಡಿಸುತ್ತಾರೆ. ಆಗಿದ್ದರೆ ನಾನು ಭುಜದ ಮೇಲೆ ಹೆಬ್ಬೆರಳು ಒತ್ತುತ್ತೇನೆ. ಇಷ್ಟು ವರ್ಷ ಅಡುಗೆಮನೆಯಿಂದ ಕೇಳಿ ಕೇಳಿ ನನಗೂ ಅಷ್ಟೋ ಇಷ್ಟೋ ಬಂದಿದೆ. "ಸಾವ್ಕಾರ್ರ ಕಿವಿ ಅಂದ್ರೆ ಕಿವಿ ಕಣಪ್ಪ" ಅಂತ ಹೊಗಳಿ ಹೋಗುತ್ತಾರೆ. ಕಾಲು ನೋಯುವುದು ನನಗೆ. ಆದರೂ ಇವರು ಹಾಗೆ ಕಣ್ಣು ಮುಚ್ಚಿ ಕೂತಾಗ ನನಗೆ ಆ ಕುರ್ಚಿಯ ಹಿಂದಿನಿಂದ ಸರಿಯಲು ಮನಸ್ಸು ಬರುವುದಿಲ್ಲ, ಸುಳ್ಳು ಹೇಳಲಾರೆ.

ಮೊನ್ನೆ ಹಂದನಕೆರೆಯವರೊಬ್ಬರು ಬಂದಿದ್ದರು. ಕಾಫಿ ಕುಡಿಯುತ್ತಾ ಪಿಸ್ತೂಲಿನ ಮಾತು ಬಂತು. "ಸ್ಟೇಷನ್‌ನಾಗೈತೆ. ವಾಪಸ್ ಕೊಡಿ ಅಂತ ಅರ್ಜಿ ಹಾಕಿವ್ನಿ. ಈ ಸಲ ಇನ್ನೂ ದೊಡ್ ಗುಂಡಿಂದು ಮಾಡಿಸ್ಬೇಕು ಅಂತಿವ್ನಿ ಕಣಪ್ಪ" ಅಂದರು ನಮ್ಮ ಯಜಮಾನರು. ಅರ್ಜಿಯ ವಿಷಯ ನನಗೆ ಗೊತ್ತಾಗಿದ್ದು ಆವಾಗಲೇ. ನನ್ನ ಮೈಯೆಲ್ಲ ಉರಿದುಹೋಯಿತು.

ಕಾಯಿ ಎತ್ತಿದರು, ಅಲ್ಲಾಡಿಸಿದರು. ಬಾಗಿಲಾಚೆಗೆ ಕೇಳುವಷ್ಟು ಜೋರಾಗಿ ಲೊಟಲೊಟ ಅಂದಿತು. ನಾನು ಕೈ ಆಡಿಸಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದರು. ಕೈ ಬದಲಿಸಿ ಅಲ್ಲಾಡಿಸಿದರು.

"ಯಾಕ್ ಸಾವ್ಕಾರ್ರೇ, ಆಗಿಲ್ವಾ?" ಅಂದರು ಹಂದನಕೆರೆಯವರು ಮುಂದಕ್ಕೆ ಬಗ್ಗಿ.

ಯಜಮಾನರ ಹಣೆಯಲ್ಲಿ ಬೆವರು ಮೂಡಿತು. ಕೊನೆಗೆ ಕತ್ತು ತಿರುಗಿಸಿ ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

"ಅರ್ಜಿ ವಾಪಸ್ ಈಸ್ಕೊತೀನಿ ಬುಡೇ" ಅಂದರು. ಪಿಸುಗುಟ್ಟಿದೆ ಅಂದುಕೊಂಡಿರಬೇಕು, ಬೀದಿಗೆಲ್ಲ ಕೇಳಿಸಿತು.

ನಾನು ಹೆಬ್ಬೆರಳು ಒತ್ತಿದೆ.