ಮುತ್ತವ್ವನ ತಗ್ಗುದನಿಯ ಹಾಡುಗಳು

ಡಂಬಳದ ಮುತ್ತವ್ವ ಗೀಗೀ ಪದ ಹಾಡಲು ನಿಂತರೆ ಮೈಕಿನ ಅಗತ್ಯವಿಲ್ಲ ಎಂದು ಸುತ್ತಲಿನ ಹಳ್ಳಿಗಳಲ್ಲಿ ಹೇಳುತ್ತಿದ್ದರು. ಹೊಲದಲ್ಲಿ ಕಳೆ ತೆಗೆಯುತ್ತ ಪದ ಕಟ್ಟುವುದನ್ನು ರೂಢಿಸಿಕೊಂಡ ಹೆಣ್ಣುಮಗಳು ಆಕೆ. ಮುಂಡರಗಿಯ ಬುಡ್ಡೇಸಾಬ ದಪ್ಪು ಬಾರಿಸುತ್ತಿದ್ದ, ನೆಗೆಣ್ಣಿ ದೇವವ್ವ ಹಿಂದೆ ನಿಂತು ದನಿಗೂಡಿಸುತ್ತಿದ್ದಳು. ಎದುರು ಮೇಳ ಹೆಚ್ಚಾಗಿ ಶಿಗ್ಲಿಯ ಚನ್ನಮ್ಮನದು. ಒಬ್ಬಳು ಪದದಲ್ಲೇ ಸವಾಲು ಹಾಕಬೇಕು, ಇನ್ನೊಬ್ಬಳು ಪದದಲ್ಲೇ ಜವಾಬು ಕೊಡಬೇಕು. ಒಂದೂರಲ್ಲಿ ಮುತ್ತವ್ವ ಗೆದ್ದರೆ ಮುಂದಿನ ಊರಲ್ಲಿ ಚನ್ನಮ್ಮ ಗೆಲ್ಲುತ್ತಿದ್ದಳು. ವೇದಿಕೆಯ ಹೊರಗೆ ಇಬ್ಬರೂ ಮಾತಾಡಿದ್ದು ಕಡಿಮೆ.

‘ನನ್ನ ಎದುರ ನಿಲ್ಲಾವ್ರ ಯಾರದಾರ, ಮುಂದ ಬರ್ರಿ ನೋಡೂಣು’ ಎಂಬ ಮುತ್ತವ್ವನ ಪದ ಕ್ಯಾಸೆಟ್ಟಾಗಿ ಬಂದ ಮೇಲಂತೂ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಟ್ರ್ಯಾಕ್ಟರುಗಳಲ್ಲೆಲ್ಲ ಅದೇ ಕೇಳುತ್ತಿತ್ತು.

ಅರವತ್ತು ದಾಟಿದ ಮೇಲೆ ಒಮ್ಮೆ ಶಿರಹಟ್ಟಿಯ ವೇದಿಕೆಯಲ್ಲಿ ಅದೇ ಪದ ಹಾಡುವಾಗ ದನಿ ಏರಲಿಲ್ಲ. ದೇವವ್ವ ಹಿಂದಿನಿಂದ ಸಾಲನ್ನು ಎತ್ತಿಕೊಂಡಳು, ಮಂದಿಗೆ ತಿಳಿಯಲಿಲ್ಲ. ಮುತ್ತವ್ವನಿಗೆ ತಿಳಿಯಿತು. ಗದಗಿನ ಡಾಕ್ಟರು ಪರೀಕ್ಷಿಸಿ, ಗಂಟಲಿಗೆ ರೋಗವೇನೂ ಇಲ್ಲ, ವಯಸ್ಸಾಗಿದೆ, ಆ ಏರು ಇನ್ನು ಬರುವುದಿಲ್ಲ ಎಂದರು. ಆ ವರ್ಷ ಕರೆ ಬಂದ ಯಾವ ಕಾರ್ಯಕ್ರಮವನ್ನೂ ಆಕೆ ಒಪ್ಪಲಿಲ್ಲ. ಮುತ್ತವ್ವನ ಹಾಡಿಕೆ ಮುಗಿಯಿತು ಎಂದು ಜನ ಮಾತಾಡಿಕೊಂಡರು. ಆಕೆ ಯಾರ ಜೊತೆಗೂ ವಾದಕ್ಕಿಳಿಯಲಿಲ್ಲ.

ಮಳೆಗಾಲದಲ್ಲಿ ಹೆಸರುಕಾಳಿನ ಹೊಲದಲ್ಲಿ ಕೂತು ಕಳೆ ತೆಗೆಯುವಾಗ ಒಂದು ಪದ ತಾನಾಗಿ ಬಂತು. ಮೆಲ್ಲಗೆ, ಎದೆಯ ಹತ್ತಿರದಿಂದ ಬಂದ ದನಿ. ಈ ದನಿ ತನ್ನಲ್ಲಿರುವುದೇ ಆಕೆಗೆ ಗೊತ್ತಿರಲಿಲ್ಲ. ಪದ ತೀರಿಹೋದ ಗಂಡ ರಾಮಪ್ಪನ ಮೇಲಿತ್ತು. ಮುತ್ತವ್ವ ಊರೂರು ತಿರುಗುವಾಗ ಮಕ್ಕಳನ್ನು ಮಲಗಿಸಿಕೊಂಡು ಮನೆಯಲ್ಲಿ ಉಳಿದವನು ರಾಮಪ್ಪ. ಹೆಂಡತಿಯನ್ನು ಕುಣಿಯಲು ಕಳಿಸಿ ತಾನು ಒಲೆ ಕಾಯುತ್ತಾನೆ ಎಂದು ಮಂದಿ ನಕ್ಕರೂ ತಲೆ ಕೆಡಿಸಿಕೊಂಡವನಲ್ಲ. ಅವಳ ಹಾಡನ್ನು ವೇದಿಕೆಯ ಮುಂದೆ ಕೂತು ಒಮ್ಮೆಯೂ ಕೇಳಿರಲಿಲ್ಲ. ದೇವರ ಮೇಲೆ, ರಾಜರ ಮೇಲೆ ಎಷ್ಟೋ ಪದ ಕಟ್ಟಿದ್ದ ಮುತ್ತವ್ವ ಅವನ ಮೇಲೆ ಕಟ್ಟಿದ್ದು ಇದೇ ಮೊದಲು. ಕಟ್ಟಿ ಮುಗಿಸಿದಾಗ ಅಳು ಬರಲಿಲ್ಲ, ಖುಷಿಯಾಯಿತು. ಸುಗ್ಗಿ ಬರುವಷ್ಟರಲ್ಲಿ ಅಂಥ ಇನ್ನೂ ಕೆಲವು ಪದ ಕೂಡಿದವು. ಇವನ್ನೆಲ್ಲ ಸೇರಿಸಿ ಆಲ್ಬಂ ಮಾಡಿಸಬೇಕೆಂದು ಆಕೆಯೇ ತೀರ್ಮಾನಿಸಿ ಬುಡ್ಡೇಸಾಬನಿಗೆ ಹೇಳಿಕಳಿಸಿದಳು.

ಬೆಟಗೇರಿಯಲ್ಲಿ ವೀರೇಶ ಎಂಬ ವ್ಯಾಪಾರಸ್ಥರ ಮನೆಯ ಹುಡುಗ ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ಟುಡಿಯೋ ಇಟ್ಟಿದ್ದ. ಮೊದಲ ದಿನ ಮುತ್ತವ್ವ ರೂಢಿಯಂತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಯಲಿಗೆ ಕೇಳುವಂತೆ ಹಾಡಿದಳು. ಒಂದೂ ಸರಿ ಬರಲಿಲ್ಲ. ವೀರೇಶ ಒಳಗೆ ಬಂದು ಎದುರಿಗೆ ಚಕ್ಕಳಮಕ್ಕಳ ಕೂತ.

“ಅವ್ವಾರ, ಇಲ್ಲಿ ಮಂದಿ ದೂರ ಇಲ್ರಿ. ಮಗ್ಗಲದಾಗ ಕುಂತಾಕಿಗೆ ಹೇಳಿದಂಗ ಹಾಡ್ರಿ.”

ಆ ಮಾತು ಮುತ್ತವ್ವನಿಗೆ ಹಿಡಿಸಿತು. ಕುರ್ಚಿ ತರಿಸಿಕೊಂಡು ಕೂತೇ ಹಾಡಿದಳು. ಬುಡ್ಡೇಸಾಬ ಕೋಲು ಬದಿಗಿಟ್ಟು ಬೆರಳಿನಿಂದಲೇ ದಪ್ಪು ನುಡಿಸಿದ. ರಾಮಪ್ಪನ ಪದ ಮುಗಿದಾಗ ವೀರೇಶ ಇನ್ನೊಮ್ಮೆ ಹಾಡಿ ಎನ್ನಲಿಲ್ಲ.

ಕೊನೆಗೆ ಹಳೆಯ ಪದದ ಮಾತು ಬಂತು. ಮುತ್ತವ್ವ ಎಂದರೆ ಜನ ಅದನ್ನೇ ಹುಡುಕುತ್ತಾರೆ, ಅದೂ ಇರಲಿ ಎಂದು ವೀರೇಶ ಕೇಳಿಕೊಂಡ. ಆಕೆ ತಗ್ಗುದನಿಯಲ್ಲೇ ಹಾಡಿದಳು. ಅವನು ಕಂಪ್ಯೂಟರಿನಲ್ಲಿ ಆ ದನಿಯನ್ನು ಮೇಲಕ್ಕೇರಿಸಿ, ಹಳೇ ಕ್ಯಾಸೆಟ್ಟಿನಂತೆಯೇ ಮಾಡಿ ಕೇಳಿಸಿದ. ಮುತ್ತವ್ವ ಪೂರ್ತಿ ಕೇಳಿ ನಕ್ಕಳು.

“ಚಲೋ ಹಾಡ್ತಾಳಪಾ. ಆದ್ರ ಈಕಿ ನಾ ಅಲ್ಲ. ನಂದು ಹೆಂಗೈತಿ ಹಂಗ ಇಡು.”

ಅವನು ಹಾಗೇ ಇಟ್ಟ. ನಿಧಾನವಾಗಿ ಹಾಡಿದ್ದನ್ನು ಮತ್ತೆ ಹಾಕಿದಾಗ ಮುತ್ತವ್ವ ಮುಂದಕ್ಕೆ ಬಾಗಿ ಕೇಳಿದಳು. ಹುರುಪಿನಲ್ಲಿ ಹಾಡುವಾಗ ಅದು ಎದುರಾಳಿಯನ್ನು ಕೆಣಕುವ ಸಾಲು. ಈಗ ಯಾರನ್ನೋ ನಿಜಕ್ಕೂ ಕರೆದಂತೆ ಕೇಳುತ್ತಿತ್ತು. ಇದಕ್ಕೊಂದು ಜವಾಬು ಬೇಕು, ಅಲ್ಲಿಯವರೆಗೆ ಆಲ್ಬಂ ಮುಗಿಯುವುದಿಲ್ಲ ಎಂದು ಹೇಳಿ ಆಕೆ ಎದ್ದಳು.

ಮರುದಿನ ಗದಗಿನಿಂದ ಲಕ್ಷ್ಮೇಶ್ವರದ ಬಸ್ಸು ಹತ್ತಿ, ಅಲ್ಲಿಂದ ಶಿಗ್ಲಿಗೆ ಹೋದಳು. ಮೊಣಕಾಲು ನೋವಿನಿಂದ ಹಾಡಿಕೆ ಬಿಟ್ಟಿದ್ದ ಚನ್ನಮ್ಮ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದಳು. ಮುತ್ತವ್ವನನ್ನು ಕಂಡು ಮೊರ ಕೆಳಗಿಟ್ಟಳು.

“ವೇದಿಕಿ ಮ್ಯಾಲೆ ಸಾಲಲಿಲ್ಲೇನು, ಮನೀತನಾ ಬಂದಿ ನನ್ನ ಸೋಲ್ಸಾಕ?”

“ಸೋಲು ಗೆಲುವು ಅಲ್ಲಿಗೇ ಮುಗೀತಕ್ಕಾ. ನನ್ನ ಪದಕ್ಕ ಜವಾಬ ಬೇಕಾಗೇತಿ. ಕೊಡೂದು ನಿನಗ ಮಾತ್ರ ಬರತೈತಿ.”

ಚನ್ನಮ್ಮ ಸೊಸೆ ಮಂಜುಳಾಗೆ ರೊಟ್ಟಿ ಬಡಿಯಲು ಹೇಳಿದಳು. ಊಟ ಮಾಡುತ್ತ ಒಂದು ಕರಾರು ಹಾಕಿದಳು. ಜವಾಬು ತಾನೇ ಕಟ್ಟಬೇಕು, ಹಾಡುವ ತನಕ ಯಾರೂ ಕೇಳಬಾರದು. ಮುತ್ತವ್ವ ಒಪ್ಪಿದಳು.

ಸ್ಟುಡಿಯೋದ ಮೆಟ್ಟಿಲನ್ನು ಚನ್ನಮ್ಮ ಮಂಜುಳಾಳ ಭುಜ ಹಿಡಿದು ಹತ್ತಿದಳು. ಮುತ್ತವ್ವ ಸವಾಲು ಹಾಡಿ ಮುಗಿಸಿದ ಕೂಡಲೇ ಒರಟು ದನಿಯಲ್ಲಿ ಎತ್ತಿಕೊಂಡಳು: ‘ಎದುರ ನಿಂತು ದಣಿದೇನವ್ವ, ಮಗ್ಗಲ ಜಾಗಾ ಐತೇನ?’ ದೇವವ್ವ ದನಿಗೂಡಿಸುವುದನ್ನೇ ಮರೆತಳು. ಬುಡ್ಡೇಸಾಬ ಮಾತ್ರ ತಾಳ ಬಿಡಲಿಲ್ಲ. ಮುತ್ತವ್ವ ಅಲ್ಲೇ, ಆ ಕ್ಷಣವೇ ಒಂದು ಸಾಲು ಕಟ್ಟಿ ಚನ್ನಮ್ಮನನ್ನು ತನ್ನ ಮಗ್ಗುಲಿಗೆ ಕರೆದು ಕೂರಿಸಿದಳು. ವೀರೇಶ ಅದನ್ನು ಕತ್ತರಿಸದೆ ಇದ್ದದ್ದಿದ್ದಂತೆ ಬಿಟ್ಟ.

ಆಲ್ಬಂ ಮೊಬೈಲುಗಳಲ್ಲಿ ಹರಿದಾಡತೊಡಗಿದಾಗ ಮೊದಲಿನ ಜೋರಿಲ್ಲ ಎಂದು ಮೂಗು ಮುರಿದವರಿದ್ದರು. ಅಂತೂರ ಬೆಂತೂರದಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿ, ರಾಮಪ್ಪನ ಪದವನ್ನು ತನ್ನ ಗಂಡನಿಗೆ ಕೇಳಿಸಿದೆ ಎಂದಳು. ಲಕ್ಷ್ಮೇಶ್ವರದಲ್ಲಿ ಇಬ್ಬರಿಗೂ ಒಟ್ಟಿಗೆ ಹಾಡಲು ಕರೆ ಬಂತು. ಹಿಂದೆ ನಿಂತ ಪಡ್ಡೆ ಹುಡುಗರು ಹಳೇ ಪದವನ್ನು ಜೋರಾಗಿ ಹಾಡಬೇಕೆಂದು ಕೂಗಿದರು. ಮುತ್ತವ್ವ ಕೈ ಎತ್ತಿ, ಜೋರು ಬೇಕಾದವರಿಗೆ ಕ್ಯಾಸೆಟ್ಟು ಐತಿ, ಇಲ್ಲಿ ನಾ ಅದೀನಿ ಎಂದಳು. ಹುಡುಗರು ನಕ್ಕು ಕೂತರು.

ಈಗ ಎರಡನೇ ಆಲ್ಬಮಿನ ಮಾತು ನಡೆದಿದೆ. ಸೊಸೆಯಂದಿರನ್ನು ಹೊಗಳಿ ಪದ ಕಟ್ಟೋಣ ಎಂದು ಚನ್ನಮ್ಮ, ಮೊದಲು ಅತ್ತೆಯರದು ಆಗಲಿ ಎಂದು ಮುತ್ತವ್ವ, ಫೋನಿನಲ್ಲೇ ಜಗಳವಾಡುತ್ತಿದ್ದಾರೆ.