ಮಂಗಳವಾರ ಮಾತ್ರ ಬರುತ್ತಿದ್ದ ಉಸಿರು

ಮೊದಲು ಬಂದದ್ದು ಕೆಮ್ಮು. ಒಣ ಕೆಮ್ಮು. ವಿಜಯವಾಡದ ಗವರ್ನರ್‌ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನನ್ನ ಬ್ಯೂಟಿ ಪಾರ್ಲರ್. ಕೆಳಗಿನ ಆಟೋಗಳ ಹೊಗೆ ಇರಬೇಕೆಂದು ಸುಮ್ಮನಾದೆ. ಆಮೇಲೆ ಎದೆಯಲ್ಲಿ ಸಿಳ್ಳೆ ಶುರುವಾಯಿತು. ಒಂದು ಮಧ್ಯಾಹ್ನ ಮದುವಣಗಿತ್ತಿಯೊಬ್ಬಳ ಮುಖಕ್ಕೆ ಬ್ಲೀಚ್ ಹಚ್ಚುತ್ತಿದ್ದೆ. ಬ್ರಷ್ ಕೈಯಲ್ಲೇ ಇತ್ತು.

ಎಳೆದುಕೊಂಡ ಉಸಿರು ಹೊರಗೆ ಬರಲಿಲ್ಲ.

ನನ್ನ ಜೊತೆ ಕೆಲಸ ಮಾಡುವ ವರಲಕ್ಷ್ಮಿ ತೋಳು ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿದಳು. ಊರಿನ ಡಾಕ್ಟರು ಆಸ್ತಮಾ ಎಂದರು, ಮಾತ್ರೆ ಕೊಟ್ಟರು. ನುಂಗಿ ಮತ್ತೆ ಕೆಲಸಕ್ಕೆ ಹೋದೆ. ಮತ್ತೆ ಅದೇ.

ನಾನು ದಾವಣಗೆರೆಯ ಹತ್ತಿ ಗಿರಣಿಯ ಕಾರ್ಮಿಕನ ಮಗಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು, ಅದೂ ಕೆಮಿಸ್ಟ್ರಿಯಲ್ಲಿ. ಹೆಮ್ಮೆಯಿಂದಲೇ ಹೇಳುತ್ತೇನೆ. ಗಂಡನ ಬ್ಯಾಂಕ್ ಕೆಲಸದ ಹಿಂದೆ ಆಂಧ್ರಕ್ಕೆ ಬಂದೆ. ತೆಲುಗು ಓದಲು ಬರೆಯಲು ಬರದವಳಿಗೆ ಕೆಲಸ ಯಾರು ಕೊಡುತ್ತಾರೆ? ಬ್ಯೂಟೀಷಿಯನ್ ಕೋರ್ಸ್ ಮಾಡಿ ನಾನೇ ಪಾರ್ಲರ್ ತೆರೆದೆ. ಬೋರ್ಡಿನಲ್ಲಿ ಹೆಸರಿನ ಮುಂದೆ ಬಿ.ಎಸ್‌ಸಿ. ಬರೆಸಿದಾಗ ನೆಂಟರು ನಕ್ಕರು. "ಹುಬ್ಬು ಕೀಳಕ್ಕೂ ಡಿಗ್ರಿ ಬೇಕೇನೆ?" ನಗಲಿ ಎಂದುಕೊಂಡೆ. ಗಂಡನಿಗೆ ವಿಶಾಖಪಟ್ಟಣಕ್ಕೆ ಟ್ರಾನ್ಸ್‌ಫರ್ ಆದಾಗಲೂ ಪಾರ್ಲರ್ ಬಿಡಲಾರದೆ ಅತ್ತೆಯ ಜೊತೆ ವಿಜಯವಾಡದಲ್ಲೇ ಉಳಿದೆ.

ಈ ಕಾಯಿಲೆ ಬಂದ ಮೇಲೆ ಇವರು ಹಟ ಹಿಡಿದು ನಮ್ಮಿಬ್ಬರನ್ನೂ ವಿಶಾಖಪಟ್ಟಣಕ್ಕೆ ಕರೆಸಿಕೊಂಡರು. ಹೋದ ಕೆಲವೇ ದಿನಕ್ಕೆ ಸಿಳ್ಳೆ ನಿಂತಿತು.

"ಸಮುದ್ರದ ಗಾಳಿ ಕಣೇ. ಅಂಗಡಿ ಮುಚ್ಚಿ ಇಲ್ಲಿಗೇ ಬಂದ್ಬಿಡು," ಎಂದರು ಇವರು.

"ಸಮುದ್ರ ಅಂತೆ ಸಮುದ್ರ! ನಾನು ಮಂಗಳವಾರ ಒಪ್ಪತ್ತು ಇರಾದು ಯಾರಿಗೂ ಕಾಣಲ್ಲ," ಎಂದರು ಅತ್ತೆ.

ಅಲ್ಲಿನ ಎದೆರೋಗದ ಡಾಕ್ಟರಮ್ಮ ಸ್ಟೆತಸ್ಕೋಪ್ ಕೆಳಗಿಟ್ಟು ಕೇಳಿದರು: "ವಿಜಯವಾಡದಲ್ಲಿದ್ದಾಗ ಯಾವ ದಿನ ಹೆಚ್ಚು, ಯಾವ ದಿನ ಕಡಿಮೆ?"

ಅತ್ತೆ ತಮ್ಮ ಹರುಕು ತೆಲುಗಿನಲ್ಲಿ ನನಗಿಂತ ಮೊದಲೇ ಉತ್ತರಿಸಿದರು. "ಮಂಗಳವಾರ ಕಡಿಮೆ. ಬೆಟ್ಟದ ದುರ್ಗಮ್ಮನಿಗೆ ನನ್ನ ಹರಕೆ ಇದೆ."

ಡಾಕ್ಟರಮ್ಮ ನಕ್ಕು ನನ್ನ ಕಡೆ ತಿರುಗಿದರು. "ಮಂಗಳವಾರ ನಿಮಗೇನು ಕೆಲಸ?"

"ಏನೂ ಇಲ್ಲ. ಅವತ್ತು ಯಾರೂ ಕೂದಲು ಕತ್ತರಿಸಿಕೊಳ್ಳಲ್ಲ. ಪಾರ್ಲರಿಗೆ ರಜ."

ಹೇಳುತ್ತ ಹೇಳುತ್ತ ನನಗೇ ತಿಳಿಯಿತು.

ಬ್ಲೀಚ್ ಪುಡಿ, ಅಮೋನಿಯಾ, ಕೂದಲು ಗುಂಗುರು ಮಾಡುವ ಪರ್ಮಿಂಗ್ ಲೋಷನ್. ಹೆಂಗಸರ ಕೋಣೆ ಹೊರಗಿನವರಿಗೆ ಕಾಣಬಾರದೆಂದು ಕಿಟಕಿಗೆ ಪ್ಲೈವುಡ್ ಹೊಡೆಸಿದ್ದೆವು. ಅದರ ಮೇಲೆ ಪರದೆ, ಎ.ಸಿ. ವಾಸನೆ ಮುಚ್ಚಲು ಊದುಬತ್ತಿ ಬೇರೆ. ಕಾಲೇಜಿನ ಲ್ಯಾಬಿನಲ್ಲಿ ಅಮೋನಿಯಾ ಬಾಟಲಿ ತೆರೆಯುವಾಗ ಕಿಟಕಿ ಪಕ್ಕ ನಿಂತು ಮುಖ ತಿರುಗಿಸಿಕೊಳ್ಳುತ್ತಿದ್ದೆವು. ಪಾರ್ಲರಿನಲ್ಲಿ ಅದನ್ನೇ ಮೂಗಿನ ಕೆಳಗೆ ಕಲಸುತ್ತಿದ್ದೆ.

"ಈ ಕೆಲಸ ಬಿಟ್ಟರೆ ಒಳ್ಳೆಯದು," ಎಂದರು ಡಾಕ್ಟರಮ್ಮ.

"ಕೇಳಿಸ್ತಲ್ಲ?" ಎಂದರು ಇವರು.

ನನಗೆ ಅಪ್ಪ ನೆನಪಾದ. ವಾರದ ರಜೆ ಮುಗಿಸಿ ಗಿರಣಿಗೆ ಹೋದ ದಿನವೇ ಅಪ್ಪನಿಗೆ ಎದೆ ಕಟ್ಟುತ್ತಿತ್ತು. "ಗಿರಣಿ ಅಂದ್ಮೇಲೆ ಕೆಮ್ಮು ಇದ್ದಿದ್ದೇ ಬಿಡವ್ವ," ಎನ್ನುತ್ತಿದ್ದ. ಕೆಮ್ಮುತ್ತಲೇ ನನ್ನನ್ನು ಓದಿಸಿದ, ಕೆಮ್ಮುತ್ತಲೇ ಹೋದ. ಕೆಲಸ ಬೇಕೆಂದರೆ ಕೆಮ್ಮಬೇಕು, ಕೆಮ್ಮು ಬೇಡವೆಂದರೆ ಕೆಲಸ ಬಿಡಬೇಕು. ಈ ಎರಡೇ ದಾರಿ ಎಂದು ಯಾರು ಹೇಳಿದ್ದು?

"ಡಾಕ್ಟರೇ, ಪುಡಿ, ಅಮೋನಿಯಾ, ಲೋಷನ್ ಎಲ್ಲ ಬಿಡ್ತೀನಿ. ಕಿಟಕಿ ತೆಗೆಸ್ತೀನಿ. ಥ್ರೆಡಿಂಗ್, ಹೇರ್ ಕಟ್ ಮಾತ್ರ ಇಟ್ಕೊಳ್ಳಲಾ?"

ಅವರು ಉಸಿರಿನ ಬಲ ಅಳೆಯುವ ಪುಟ್ಟ ಮೀಟರೊಂದನ್ನು ನನ್ನ ಮುಂದಿಟ್ಟರು. "ನೋಡೋಣ. ಇನ್‌ಹೇಲರ್ ತಪ್ಪಿಸಬೇಡಿ. ಈ ಮೀಟರ್ ಊದಿ ಉಸಿರು ನೋಡ್ತಾ ಇರಿ. ಮುಳ್ಳು ಕೆಳಗಿಳಿದರೆ ವಾದ ಬೇಡ, ಬಿಡಲೇಬೇಕು."

ಒಪ್ಪಿಕೊಂಡೆ.

ವಿಜಯವಾಡಕ್ಕೆ ಬಂದು ಎಲ್ಲವನ್ನೂ ವರಲಕ್ಷ್ಮಿಗೆ ಹೇಳಿದೆ. ಟವೆಲ್ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

"ಅಕ್ಕಾ, ನನಗೂ ಮಂಗಳವಾರ ಚೆನ್ನಾಗಿರುತ್ತೆ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಟಿ.ಬಿ. ಅಂತೀರಿ. ನಾಳೆಯಿಂದ ಬರಬೇಡ ಅಂತೀರಿ."

ಅವಳನ್ನೂ ಡಾಕ್ಟರಿಗೆ ತೋರಿಸಿ ಅವಳಿಗೂ ಒಂದು ಮೀಟರ್ ಕೊಡಿಸಿದೆ. ಬಡಗಿ ಬಂದು ಪ್ಲೈವುಡ್ ಕಿತ್ತ. ಒಳಗೆ ಕಾಣದಂತೆ ಬಿದಿರಿನ ತಡಿಕೆ ಕಟ್ಟಿಸಿದೆ, ಎದುರು ಗೋಡೆಗೆ ಎಕ್ಸಾಸ್ಟ್ ಫ್ಯಾನ್. ಬ್ಲೀಚ್ ಡಬ್ಬಿಗಳೆಲ್ಲ ಹೊರಟವು. ಗಿರಾಕಿಗಳೂ ಕೆಲವರು ಹೊರಟರು. ಮದುವೆ ಮನೆಯ ಹೆಂಗಸೊಬ್ಬರು ಬಾಗಿಲಲ್ಲೇ ನಿಂತು, "ಏನಂಡೀ, ಬ್ಲೀಚ್ ಇಲ್ಲದ ಪಾರ್ಲರಾ? ಉಪ್ಪಿಲ್ಲದ ಬೇಳೆ ಪಪ್ಪು!" ಎಂದು ಮೂಗು ಮುರಿದರು.

"ಉಪ್ಪಿಲ್ಲದಿದ್ರೂ ಉಣ್ಣಬಹುದಮ್ಮ. ಉಸಿರಿಲ್ಲದಿದ್ರೆ?" ಎಂದಳು ವರಲಕ್ಷ್ಮಿ.

ಅವರು ಹೋದರು. ಅವರ ಜೊತೆ ಬಂದಿದ್ದ ಮದುವಣಗಿತ್ತಿ ಮಾತ್ರ ಹುಬ್ಬು ತೀಡಿಸಿಕೊಂಡೇ ಹೋದಳು.

ಕಾಯಿಲೆ ಹೋಗಿದೆ ಎನ್ನಲಾರೆ. ಇನ್‌ಹೇಲರ್ ಬ್ಯಾಗಿನಲ್ಲಿದೆ. ಬೇಸಿಗೆಯಲ್ಲಿ ಎ.ಸಿ. ಇಲ್ಲದೆ ಬೆವರು ಸುರಿಯುತ್ತದೆ, ಸುರಿಯಲಿ. ಅತ್ತೆ ಒಪ್ಪತ್ತು ಬಿಟ್ಟಿಲ್ಲ. "ಮಂಗಳವಾರದ ಉಸಿರು ದುರ್ಗಮ್ಮನ ಪಾಲು. ಬುಧವಾರದ್ದು ಮಾತ್ರ ನಿನ್ನ ಕಿಟಕಿದು ಕಣವ್ವ," ಎನ್ನುತ್ತಾರೆ.

ನನಗೆ ಅಷ್ಟು ಸಾಕು. ರಜೆಯ ಮರುದಿನ, ಬುಧವಾರ, ಬಾಗಿಲು ತೆಗೆದ ಕೂಡಲೇ ನಾನೂ ವರಲಕ್ಷ್ಮಿಯೂ ನಮ್ಮ ನಮ್ಮ ಮೀಟರ್ ಊದುತ್ತೇವೆ. ಸಂಜೆ ಬಾಗಿಲು ಹಾಕುವ ಮುಂಚೆ ಮತ್ತೊಮ್ಮೆ. ಈ ಬುಧವಾರ ಸಂಜೆಯೂ ಇಬ್ಬರ ಮುಳ್ಳೂ ಬೆಳಗಿನ ಜಾಗದಲ್ಲೇ ನಿಂತಿದ್ದವು.