ಡಬರಿಗೆ ಹಿಡಿಸಿದ ಫ್ರಿಜ್ಜು

ಕಳೆದ ವಾರ ಶ್ರೀನಿವಾಸಪುರಕ್ಕೆ ನನ್ನ ನಾದಿನಿಯ ಮನೆಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಬಂದವನ ಮುಖ ನೋಡಿ ಆಕೆ, "ಫ್ರಿಜ್ಜಲ್ಲಿ ತಣ್ಣೀರಿದೆ, ತಗೊಳ್ಳಿ ಭಾವ" ಅಂದಳು. ಅಡುಗೆಮನೆಗೆ ಹೋದೆ. ಫ್ರಿಜ್ಜಿನ ಮುಂದೆ ನಿಂತೆ. ಕೈ ಇನ್ನೂ ಬಾಗಿಲ ಹತ್ತಿರ ಹೋಗಿಲ್ಲ, ಅಷ್ಟರಲ್ಲಿ ನನ್ನ ಬಲಗಾಲು ತಾನೇ ತಾನಾಗಿ ನೆಲದ ಮೇಲೆ ಆಚೆ ಈಚೆ ತಡಕಾಡತೊಡಗಿತು. ಏನು ಹುಡುಕುತ್ತಿದೆ ಈ ಕಾಲು ಅಂತ ನಾನೇ ಬಗ್ಗಿ ನೋಡಿದೆ. ಆಮೇಲೆ ಹೊಳೆಯಿತು. ಅದು ಚಪ್ಪಲಿ ಹುಡುಕುತ್ತಿತ್ತು.

ನಗಬೇಡಿ. ಹತ್ತು ವರ್ಷ ಅಭ್ಯಾಸ ಮಾಡಿದ ಕಾಲು ಅದು. ಆ ಕತೆ ಹೇಳುತ್ತೇನೆ. ಒಂದೇ ಬೆರಳಲ್ಲಿ ಟೈಪ್ ಮಾಡುವವನು ನಾನು, ನಿಧಾನವಾಗುತ್ತದೆ. ನೀವೂ ಸ್ವಲ್ಪ ನಿಧಾನಕ್ಕೇ ಜೊತೆಗೆ ಬನ್ನಿ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಮೂವತ್ತನಾಲ್ಕನೇ ವಯಸ್ಸಿಗೆ. ಮುಳಬಾಗಿಲಿನ ಒಂದು ಹಾಸ್ಟೆಲ್ಲಿನಲ್ಲಿ ಅಟೆಂಡರ್ ಆಗಿದ್ದವನು ಹಗಲು ಕೆಲಸ ಮಾಡಿ, ಸಂಜೆ ಟ್ಯೂಷನ್ನಿಗೆ ಹೋಗಿ, ಮೂರನೇ ಸಲಕ್ಕೆ ಗಣಿತ ದಾಟಿದೆ. ಅದರ ಮರುವರ್ಷ ಕ್ಲರ್ಕ್ ಆದೆ. ತೊಂಬತ್ತರ ದಶಕದ ನಡುಭಾಗ ಅದು. ಕುರ್ಚಿ ಸಿಕ್ಕಿದ ಗಂಡಸಿಗೆ ಏನೇನೋ ಅನ್ನಿಸುತ್ತದೆ. ನನಗೆ ಫ್ರಿಜ್ಜು ತರಬೇಕು ಅನ್ನಿಸಿತು. ಮಾಲೂರಿನಲ್ಲಿ ಯಾರೋ ಬೇಕರಿ ಮುಚ್ಚುತ್ತಿದ್ದಾರೆ, ಅವರ ಫ್ರಿಜ್ಜು ಮಾರಾಟಕ್ಕಿದೆ ಅಂತ ಸ್ನೇಹಿತನೊಬ್ಬ ಹೇಳಿದ. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಕೇಳುವುದೇನು, ನಾನು ಕ್ಲರ್ಕು! ಮುಳಬಾಗಿಲಿಗೆ ಹೆಂಚು ಹೊತ್ತು ಬರುತ್ತಿದ್ದ ಲಾರಿಯಲ್ಲೇ ಅದನ್ನೂ ಏರಿಸಿಕೊಂಡು ಬಂದೆ. ಹೆಂಚಿನ ಕೆಂಪು ಧೂಳು ಮೆತ್ತಿಕೊಂಡು ಮನೆ ಮುಂದೆ ಇಳಿದ ಆ ದೊಡ್ಡ ದೇಹವನ್ನು ಸುತ್ತಿ ನೋಡಿ ನನ್ನ ಹೆಂಡತಿ ರತ್ನ ಕೇಳಿದಳು:

"ರೀ, ಇದು ಫ್ರಿಜ್ಜಾ, ಬೀರೂನಾ?"

ಫ್ರಿಜ್ಜೇ ಅಂತ ಮೊದಲ ದಿನವೇ ಸಾಬೀತಾಯಿತು. ಒಳಗೆ ತಣ್ಣಗಾಯಿತು, ಹೊರಗೆ ಮುಟ್ಟಿದವರಿಗೆ ಜುಮ್ಮೆಂದು ಕರೆಂಟ್ ಹೊಡೆಯಿತು. ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಅವನು ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಅರ್ಥಿಂಗ್ ಕೊಟ್ಟು, ದಿನಾ ಒಂದು ಬಿಂದಿಗೆ ನೀರು ಹಾಕಿ ಅಂದ. ಗಿಡಕ್ಕೆ ಹಾಕಿದಂತೆ ಹಾಕಿದೆವು. ಹೊಡೆತ ಕಡಿಮೆಯಾಯಿತು, ನಿಲ್ಲಲಿಲ್ಲ. ಕೊನೆಗೆ ಫ್ರಿಜ್ಜಿನ ಮುಂದೆ ಒಂದು ಜೊತೆ ಹವಾಯಿ ಚಪ್ಪಲಿ ಇಟ್ಟೆವು. ಬಾಗಿಲು ತೆಗೆಯಬೇಕಾದವರು ಚಪ್ಪಲಿ ಮೆಟ್ಟಿ ತೆಗೆಯಬೇಕು.

ಇನ್ನು ನಮ್ಮಮ್ಮ. ಆಂಧ್ರದ ಗಡಿಗೆ ಹತ್ತಿದ ಹಳ್ಳಿಯವಳು. ಮಾತೆಲ್ಲ ತೆಲುಗು, ಕೋಪ ಬಂದರೆ ಮಾತ್ರ ಕನ್ನಡ. ಹೊಸ್ತಿಲು ದಾಟಿ ಒಂದು ಚಪ್ಪಲಿ ಒಳಗೆ ಬಂದರೆ ಮನೆಯೆಲ್ಲ ಸಾರಿಸುವವಳು. ಆದರೆ ಆ ಚಪ್ಪಲಿಗೆ ಮಾತ್ರ ಹೇಗೋ ಒಪ್ಪಿಕೊಂಡಳು. ಬೀದಿ ತುಳಿಯದ ಚಪ್ಪಲಿ, ಅದಕ್ಕೆ ಮೈಲಿಗೆ ಇಲ್ಲ ಅಂತ ಅವಳೇ ತೀರ್ಮಾನ ಮಾಡಿದಳು. ಶುಕ್ರವಾರ ಹೊಸ್ತಿಲು ತೊಳೆಯುವಾಗ ಅದನ್ನೂ ತೊಳೆದು ಬಿಸಿಲಿಗಿಡುತ್ತಿದ್ದಳು. ಬಂದ ನೆಂಟರು ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಬಂದು, ಅಡುಗೆಮನೆಯಲ್ಲಿ ಇನ್ನೊಂದು ಜೊತೆ ಹಾಕಿಕೊಳ್ಳಬೇಕಾದಾಗ ಅವರ ಮುಖ ನೋಡಬೇಕಿತ್ತು ನೀವು.

ಅಮ್ಮ ಫ್ರಿಜ್ಜಿಗೆ ಫ್ರಿಜ್ಜು ಅನ್ನಲಿಲ್ಲ. 'ಸದ್ದಿ ಪೆಟ್ಟೆ' ಅನ್ನುತ್ತಿದ್ದಳು. ಸದ್ದಿ ಅಂದರೆ ಅವಳ ತೆಲುಗಿನಲ್ಲಿ ಹಿಂದಿನ ದಿನ ಉಳಿದ ಅನ್ನ, ಮುದ್ದೆ. ಅದನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಬೆಳಿಗ್ಗೆ ಉಂಡು ಹೊಲಕ್ಕೆ ಹೋದವಳು ಅವಳು. ಸದ್ದಿಗೆ ಇಷ್ಟು ದೊಡ್ಡ ಪೆಟ್ಟಿಗೆ, ಅದಕ್ಕೊಂದು ಬೀಗದ ಕೈ ಬೇರೆ ಇದೆಯಲ್ಲ ಅಂತ ಅವಳಿಗೆ ಬೆರಗೋ ಬೆರಗು.

ಇಷ್ಟೆಲ್ಲ ಕಾಟ ಕೊಟ್ಟರೂ ಆ ಫ್ರಿಜ್ಜು ನಮ್ಮ ಮನೆಯಲ್ಲಿ ಹತ್ತು ವರ್ಷ ಉಳಿಯಿತು. ಯಾಕೆಂದರೆ ಬೇಕರಿಯವರು ಒಳಗಿನ ತಟ್ಟೆಗಳನ್ನು ಎಂದೋ ಕಿತ್ತು ಬಿಸಾಕಿದ್ದರು. ಒಳಗೆಲ್ಲ ಬಯಲು. ಆ ಬಯಲಲ್ಲಿ ರತ್ನನ ಡಬರಿ ಸಲೀಸಾಗಿ ಕೂರುತ್ತಿತ್ತು. ಡಬರಿ ಅಂದರೆ ಅವಳ ತವರಿನಿಂದ ಬಂದ ಸ್ಟೀಲಿನ ದುಂಡು ಪಾತ್ರೆ. ಒಂದಡಿ ಅಗಲ, ಒಂದಡಿಗೆ ಅಂಗುಲ ಕಡಿಮೆ ಎತ್ತರ. ಅದರ ತುಂಬ ದೋಸೆ ಹಿಟ್ಟು.

ಮುಳಬಾಗಿಲಿನವರ ಹತ್ತಿರ ದೋಸೆಯ ವಿಷಯದಲ್ಲಿ ಹುಷಾರಾಗಿರಬೇಕು. ನಮ್ಮ ಬೀದಿಯಲ್ಲಿ ಎಲ್ಲರೂ ಆ ಶಾಸ್ತ್ರದ ಪಂಡಿತರೇ. ಅಂಥ ಬೀದಿಯಲ್ಲಿ ರತ್ನನ ಹಿಟ್ಟಿಗೆ ಹೆಸರು ಬಂದಿತ್ತು. ಮೊದಲು ಪಕ್ಕದ ಮನೆಯವರು ಒಂದು ಬಟ್ಟಲು ಕೇಳಿದರು, ಆಮೇಲೆ ಎದುರು ಮನೆಯವರು, ಆಮೇಲೆ ಇಡೀ ಬೀದಿ. ದುಡ್ಡಿಗೆ ಕೊಡತೊಡಗಿದಳು, ಗ್ರೈಂಡರ್ ಬಂತು. ಮದುವೆಯಾಗಿ ಬಂದಾಗ ಯಾರ ಮುಂದೆಯೂ ಬಾಯಿ ಬಿಡದಿದ್ದವಳು ಹಿಟ್ಟು ಅಳೆಯುತ್ತಾ ಬೀದಿಯ ನ್ಯಾಯವನ್ನೆಲ್ಲ ತೀರಿಸುವಷ್ಟು ಬೆಳೆದಳು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಫ್ರಿಜ್ಜು ಕೈಕೊಟ್ಟಿತು. ಸದ್ದು ಮಾಡುತ್ತಿತ್ತು, ತಣ್ಣಗೆ ಮಾಡುತ್ತಿರಲಿಲ್ಲ. ರಿಪೇರಿಯವನು ಹಿಂದೆ ಮುಂದೆ ನೋಡಿ, "ಇದನ್ನ ಮುಟ್ಟಿ ನಾನ್ಯಾಕೆ ಪಾಪ ಕಟ್ಕೊಳ್ಳಲಿ ಸಾರ್" ಅಂದ. ಬೆಳಿಗ್ಗೆ ಇಟ್ಟ ಹಿಟ್ಟು ಮಧ್ಯಾಹ್ನಕ್ಕೆ ಹುಳಿ. ಎದುರು ಮನೆಯ ಹೆಡ್‌ಮೇಷ್ಟ್ರ ಹೆಂಡತಿ ಪಾತ್ರೆ ವಾಪಸ್ ತಂದಿಟ್ಟು, "ರತ್ನಮ್ಮ, ಇದು ದೋಸೆಗೆ ಕೊಟ್ಟಿದ್ದಾ, ಹುಳಿಸಾರಿಗೆ ಕೊಟ್ಟಿದ್ದಾ?" ಅಂತ ನಗುತ್ತಲೇ ಕೇಳಿದರು. ನಗುತ್ತಾ ಕೇಳಿದ್ದೇ ಹೆಚ್ಚು ನೋವಾಯಿತು. ಮಾರನೇ ದಿನ ಮೂರು ಮನೆಯವರು ಬರಲಿಲ್ಲ. ಅದರ ಮಾರನೇ ದಿನ ಇನ್ನೂ ಇಬ್ಬರು. ರತ್ನ ಡಬರಿ ತೊಳೆದು ಬೋರಲು ಹಾಕಿ, ನನ್ನ ಮುಖ ನೋಡದೆ ಹೇಳಿದಳು:

"ಇನ್ನೊಂದ್ ವಾರ ನೋಡ್ತೀನಿ. ಆಮೇಲೆ ಗ್ರೈಂಡರ್ ಮಾರ್ಬಿಡ್ತೀನಿ."

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ಜಾರಿಕೊಳ್ಳುತ್ತಿದ್ದೆನೋ ಏನೋ.

ಹೊಸ ಫ್ರಿಜ್ಜನ್ನು ಈ ಸಲ ಓದಿ, ತಿಳಿದು ತರಬೇಕು ಅಂತ ಅಂಗಡಿಗಳಿಂದ ಬಣ್ಣದ ಕಾಗದಗಳನ್ನೆಲ್ಲ ತಂದೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಪೂರ್ತಿ ಒಂದು ಭಾನುವಾರ ಓದಿದೆ. ಎಲ್ಲದರಲ್ಲೂ ಲೀಟರ್ ಲೆಕ್ಕ. ನನಗೆ ಖುಷಿಯೋ ಖುಷಿ. ಮೂರು ಸಲ ಕೂತು ಕಲಿತ ಗಣಿತ ಇದೇ ತಾನೇ! ಡಬರಿಯನ್ನು ಸಿಲಿಂಡರು ಅಂತ ಹಿಡಿದು, ಅಗಲದಲ್ಲಿ ಅರ್ಧ ಮಾಡಿ, ವರ್ಗ ಮಾಡಿ, ಪೈಯಿಂದ, ಎತ್ತರದಿಂದ ಗುಣಿಸಿ, ಇಪ್ಪತ್ತು ಲೀಟರ್ ಅಂತ ಉತ್ತರ ತೆಗೆದೆ. "ನೋಡು ಕಣೇ, ನೂರ ಅರವತ್ತೈದು ಲೀಟರಿನ ಫ್ರಿಜ್ಜಲ್ಲಿ ಇಂಥಾವು ಎಂಟು ಡಬರಿ ಹಿಡಿಸುತ್ತೆ" ಅಂದೆ.

ರತ್ನ ಕಾಗದ ನೋಡಿದಳು, ಡಬರಿ ನೋಡಿದಳು, ನನ್ನನ್ನು ನೋಡಿದಳು.

"ಲೆಕ್ಕ ಸರಿಯಾಗೇ ಇರುತ್ತೆ, ಬಿಡಿ. ಆದ್ರೆ ನಾನು ಹಿಟ್ಟನ್ನ ಫ್ರಿಜ್ಜೊಳಗೆ ಸುರಿದು ಬಾಗಿಲು ಹಾಕ್ಕೋತೀನಾ? ಡಬರಿಲಿ ತಾನೇ ಇಡೋದು? ಮಧ್ಯೆ ತಟ್ಟೆಗಳಿರುತ್ತಲ್ಲ, ಅದಕ್ಕೇನಂತೆ ನಿಮ್ಮ ಸಿಲಿಂಡರು?"

ಸಿಲಿಂಡರನ್ನು ಕಾಗದ ಸಮೇತ ಮಡಚಿ ನಿಘಂಟಿನೊಳಗೆ ಇಟ್ಟೆ.

ಮರುದಿನ ಬೆಳಿಗ್ಗೆ ಅವಳು ಡಬರಿಯನ್ನು ಹಳೇ ಸೀರೆಯ ತುಂಡಲ್ಲಿ ಗಂಟು ಕಟ್ಟಿ, ಕಂಕುಳಿಗೆ ಏರಿಸಿಕೊಂಡು ಹೊರಟು ನಿಂತಳು. ಅಮ್ಮನೂ ಸೆರಗು ಸರಿಮಾಡಿಕೊಂಡು ಬಂದಳು. ಮೂವರೂ ಕೋಲಾರದ ಬಸ್ಸು ಹತ್ತಿದೆವು. ಕಂಡಕ್ಟರು ಗಂಟು ನೋಡಿ, "ಏನಕ್ಕಾ, ಇಷ್ಟು ದೊಡ್ಡ ಪಾತ್ರೆ ಹೊತ್ಕೊಂಡು ಎಲ್ಲಿಗೆ, ಸಮಾರಾಧನೆಗಾ?" ಅಂದ.

"ಇಲ್ಲಪ್ಪ, ಇದಕ್ಕೊಂದು ಮನೆ ನೋಡಕ್ಕೆ ಹೋಗ್ತಿದೀವಿ" ಅಂದಳು ರತ್ನ.

ಬಸ್ಸಿಡೀ ನಕ್ಕಿತು. ನಾನು ಕಿಟಕಿಯ ಆಚೆ ನೋಡುತ್ತಾ ಕೂತೆ. ನಿಜ ಹೇಳುತ್ತೇನೆ, ನಾಚಿಕೆಯಾಗಿತ್ತು.

ಕೋಲಾರದ ಅಂಗಡಿ ಗಾಜಿನ ಬಾಗಿಲಿನದು. ಒಳಗೆ ಟೈ ಕಟ್ಟಿದ ಸೇಲ್ಸ್‌ಮನ್ನು, ಹಾವೇರಿ ಕಡೆಯವನಂತೆ, ನಮ್ಮ ಕಡೆಗೆ ಬಂದು ತಿಂಗಳೂ ಆಗಿಲ್ಲ. ಅಮ್ಮ ನಮಗಿಂತ ಮುಂದೆ ಹೋಗಿ, ಫ್ರಿಜ್ಜು ಎಲ್ಲಿದೆ ಅಂತ ತನ್ನ ತೆಲುಗಿನಲ್ಲೇ ನೇರ ಕೇಳಿಬಿಟ್ಟಳು:

"ಸದ್ದಿ ಪೆಟ್ಟೆ ಯಾಡುಂದಿ ನಾಯ್ನಾ?"

"ಸುದ್ದಿ ಪೆಟ್ಟಿಗಿ ಏನ್ರೀ ಅಮ್ಮಾರ? ಬರ್ರಿ ಬರ್ರಿ" ಅಂದವನೇ ಅಮ್ಮನನ್ನು ಗೌರವದಿಂದ ಕರೆದುಕೊಂಡು ಹೋಗಿ, ಟೀವಿಗಳ ಸಾಲಿನ ಮುಂದೆ ಕುರ್ಚಿ ಹಾಕಿ ಕೂರಿಸಿ, ಅಷ್ಟು ಟೀವಿಯಲ್ಲೂ ವಾರ್ತೆ ಹಾಕಿದ. "ನೋಡ್ರಿ, ಸುದ್ದಿ ಎಷ್ಟು ಸ್ವಚ್ಛ ಕಾಣತೈತಿ!"

ಅಮ್ಮ ಹತ್ತು ಟೀವಿಯಲ್ಲಿ ಒಬ್ಬಳೇ ಹೆಂಗಸು ಮಾತಾಡುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, "ಲೇ, ಇದರಾಗೆ ಮುದ್ದೆ ಎಲ್ಲಿಡ್ತಾರೋ?" ಅಂದಳು.

ಸೇಲ್ಸ್‌ಮನ್ನಿಗೆ ವಿಷಯ ಬಿಡಿಸಿ ಹೇಳುವಷ್ಟರಲ್ಲಿ ನಾವು ಮೂವರೂ, ಅವನೂ, ನಕ್ಕು ಸುಸ್ತಾಗಿದ್ದೆವು.

ಫ್ರಿಜ್ಜಿನ ಸಾಲಿಗೆ ಬಂದೆವು. ಅವನು ಮೊದಲನೆಯದರ ಬಾಗಿಲು ತೆಗೆದು, "ಇದು ಭಾಳ ಚಲೋ ಐತ್ರಿ, ಬಣ್ಣ ನೋಡ್ರಿ" ಅಂದ. ರತ್ನ ಬಣ್ಣ ನೋಡಲಿಲ್ಲ. ಗಂಟು ಬಿಚ್ಚಿದಳು. ಒಳಗೆ ಜೋಡಿಸಿಟ್ಟಿದ್ದ ಪ್ಲಾಸ್ಟಿಕ್ ಸೇಬು, ಪ್ಲಾಸ್ಟಿಕ್ ದ್ರಾಕ್ಷಿಯನ್ನು ತೆಗೆದು ಅವನ ಕೈಗೆ ಕೊಟ್ಟು, ಡಬರಿ ಇಡಲು ಹೋದಳು. ಎತ್ತರ ಎರಡು ಬೆರಳು ಸಾಲದು. ಎರಡನೆಯದರಲ್ಲಿ ಡಬರಿ ಕೂತಿತು, ಬಾಗಿಲು ಮುಚ್ಚಲಿಲ್ಲ. ಮೂರನೆಯದರಲ್ಲಿ ಐಸಿನ ಡಬ್ಬಿ ಅಡ್ಡ ಬಂತು. ಆಚೀಚೆ ಟೀವಿ, ಫ್ಯಾನು ನೋಡಲು ಬಂದಿದ್ದವರೆಲ್ಲ ನಮ್ಮ ಸುತ್ತ ನಿಂತರು. ಮಾಲೀಕರು ಗಲ್ಲಾ ಬಿಟ್ಟು ಎದ್ದು ಬಂದರು.

"ಏನಮ್ಮಾ ಇದು? ಇದು ಷೋರೂಮು, ಪಾತ್ರೆ ಅಂಗಡಿ ಅಲ್ಲ. ಚಿಕ್ಕ ಡಬ್ಬಿಗಳಿಗೆ ಹಾಕಿಟ್ಕೊಳ್ಳಿ, ಎಲ್ರೂ ಹಂಗೇ ಮಾಡೋದು."

ರತ್ನ ಡಬರಿಯನ್ನು ಎದೆಗೆ ಅವುಚಿಕೊಂಡು ನಿಂತಳು. ನನ್ನನ್ನು ನೋಡಿದಳು. ಮಾಲೂರಿನ ಫ್ರಿಜ್ಜಿನ ದಿನದಿಂದ ಅವಳು ನನ್ನನ್ನು ಏನೂ ಬೇಕು ಅಂತ ಕೇಳಿದವಳಲ್ಲ. ಈಗ ಸುಮ್ಮನಿದ್ದರೆ ಇನ್ನು ಯಾವತ್ತೂ ಕೇಳುವುದಿಲ್ಲ ಅಂತ ನನಗೆ ಗೊತ್ತಾಯಿತು. ಆಫೀಸಿನಲ್ಲಿ ಸಾಹೇಬರ ಮುಂದೆ ಕೈಕಟ್ಟಿ ನಿಂತು ಅಭ್ಯಾಸವಾದವನು ನಾನು. ಕಟ್ಟಿದ ಕೈ ಬಿಚ್ಚಿ ಹೇಳಿದೆ:

"ಸ್ವಾಮಿ, ನೀವು ಇದರೊಳಗೆ ಪ್ಲಾಸ್ಟಿಕ್ ಸೇಬು ಇಟ್ಟಿದೀರ. ಅವಳು ಇಡೋದು ಡಬರಿ. ಇಪ್ಪತ್ತು ಮನೆಯವರು ಅವಳ ಹಿಟ್ಟಲ್ಲಿ ದೋಸೆ ಹುಯ್ಕೊಂಡ್ ತಿಂತಾರೆ. ಡಬರಿ ಹಿಡಿಸೋ ಫ್ರಿಜ್ಜು ಇದ್ರೆ ತೋರ್ಸಿ, ಇಲ್ದಿದ್ರೆ ಹೇಳ್ಬಿಡಿ, ಬೇರೆ ಅಂಗಡಿಗೆ ಹೋಗ್ತೀವಿ."

ಅಂಗಡಿಯಲ್ಲಿ ಟೀವಿಯ ಹೆಂಗಸೊಬ್ಬಳೇ ಮಾತಾಡುತ್ತಿದ್ದಳು.

ರತ್ನನ ಬೆನ್ನು ನೆಟ್ಟಗಾಯಿತು. ನಾಲ್ಕನೇ ಫ್ರಿಜ್ಜಿನ ಒಳಗೆ ಕೈಹಾಕಿ ಗಾಜಿನ ತಟ್ಟೆಯನ್ನು ಅಲ್ಲಾಡಿಸಿ ನೋಡಿ ಸೇಲ್ಸ್‌ಮನ್ನನ್ನು ಕೇಳಿದಳು: "ಇದು ತೆಗ್ದು ಮೇಲಿನ ಸಂದಿಗೆ ಹಾಕ್ಬೋದಾ?"

"ಹಾಕಬಹುದ್ರಿ ಅಕ್ಕಾರ. ಆದ್ರ ಯಾರೂ ಹಾಕಂಗಿಲ್ಲ."

"ನಾನು ಹಾಕ್ತೀನಿ."

ತಟ್ಟೆ ಎಳೆದಳು, ಮೇಲಿನ ಸಂದಿಗೆ ಸೇರಿಸಿದಳು, ಡಬರಿ ಇಟ್ಟಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅಷ್ಟಕ್ಕೆ ಬಿಡಲಿಲ್ಲ. "ಹಿಟ್ಟಿನ ಭಾರ ತಡೀಬೇಕಲ್ಲ" ಅಂತ ಮಾಲೀಕರ ಕಡೆಯೇ ನೋಡಿದಳು. ಸೇಲ್ಸ್‌ಮನ್ನು ಬಕೆಟ್ಟಿನಲ್ಲಿ ನೀರು ತಂದು ಕಂಠಮಟ್ಟ ತುಂಬಿಸಿದ. ತಟ್ಟೆ ಕಿರ್ರೆನ್ನಲಿಲ್ಲ. ಬಾಗಿಲು ತಳ್ಳಿದಳು. ಟಪ್ ಅಂತ ಮುಚ್ಚಿಕೊಂಡಿತು. ಇಂಥ ಒಳ್ಳೇ ಸದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಕ್ಯಾಲನೂರಿನಿಂದ ಬಂದಿದ್ದ ಹಾಲಿನ ಹೆಂಗಸೊಬ್ಬರು ಮುಂದೆ ನುಗ್ಗಿ, "ಅಕ್ಕಾ, ನಿಮ್ಮ ಡಬರಿ ಅಷ್ಟೇ ಎತ್ತರ ನಮ್ಮ ಹಾಲಿನ ಕ್ಯಾನು! ರೀ ಸ್ವಾಮಿ, ನನಗೂ ಇದೇ ಇರ್ಲಿ" ಅಂದರು. ಮಾಲೀಕರ ಮುಖ ಅರಳಿತು. ನಮಗೆ ಕಾಫಿ ತರಿಸಿದರು. ಅಮ್ಮ ಎರಡು ಲೋಟ ಕುಡಿದಳು.

ಹೊಸ ಫ್ರಿಜ್ಜು ಬಂದ ಮೂರನೇ ದಿನ ಸಂಜೆ ರತ್ನ ಬೆಳಗಿನ ಹಿಟ್ಟನ್ನೇ ಒಂದು ಬಟ್ಟಲು ತುಂಬಿ ಹೆಡ್‌ಮೇಷ್ಟ್ರ ಮನೆಗೆ ತಾನೇ ಕೊಟ್ಟು ಬಂದಳು. ದುಡ್ಡು ಬೇಡ, ದೋಸೆ ಹುಯ್ದು ನೋಡಿ ಅಂತ. ಅರ್ಧ ಗಂಟೆಗೆ ಅವರು ಖಾಲಿ ಬಟ್ಟಲಿನ ಜೊತೆ ಇನ್ನೊಂದು ದೊಡ್ಡ ಪಾತ್ರೆಯನ್ನೂ ಹಿಡಿದು ಬಂದರು. ಆ ದೊಡ್ಡದನ್ನು ಮುಂದೆ ಚಾಚಿದರು. ರತ್ನ ಕಂಠಮಟ್ಟ ತುಂಬಿಸಿಕೊಟ್ಟಳು. ಗ್ರೈಂಡರ್ ಮಾರುವ ಮಾತು ಮತ್ತೆ ಬರಲಿಲ್ಲ. ಬೇಕರಿಯ ಫ್ರಿಜ್ಜನ್ನು ಅಮ್ಮ ಯಾರಿಗೂ ಕೊಡಗೊಡಲಿಲ್ಲ. ಇಲಿ ಹೋಗಲ್ಲ ಅಂತ ಅದರ ತುಂಬ ರಾಗಿ ತುಂಬಿಟ್ಟಳು.

ನಾನೀಗ ರಿಟೈರಾಗಿದ್ದೇನೆ. ಗ್ರೈಂಡರುಗಳು ಮೂರಾಗಿವೆ. ಸಂಜೆ ನಾಲ್ಕಕ್ಕೆ ನಮ್ಮ ಜಗಲಿಯ ಮುಂದೆ ಪಾತ್ರೆ ಹಿಡಿದವರ ಸಾಲು ನಿಲ್ಲುತ್ತದೆ. ಅಳೆದು ಕೊಡುವುದು ನನ್ನ ಕೆಲಸ. ಸೌಟು ಹಿಡಿಯುವುದರಲ್ಲಿ ನನಗೆ ಕುರ್ಚಿಯಲ್ಲಿ ಕೂತಾಗ ಇಲ್ಲದ ಗತ್ತು ಬಂದಿದೆ ಅಂತ ಬೀದಿಯವರೇ ಹೇಳುತ್ತಾರೆ. ನಿನ್ನೆ ಹೊಸದಾಗಿ ಬಾಡಿಗೆಗೆ ಬಂದ ಒಬ್ಬರು ಸಾಲಿನಲ್ಲಿ ನಿಂತು, ತಿಂಗಳಿಗಿಷ್ಟು ಅಂತ ಮಾತಾಡಿಕೊಳ್ಳಬೇಕಿತ್ತು ಅಂದರು. ನನ್ನ ಬಿಳಿ ಕೂದಲು ನೋಡಿ ವಿನಯದಿಂದ ಕೇಳಿದರು:

"ತಾವೇ ಯಜಮಾನ್ರಾ?"

"ಯಜಮಾನ್ರು ಒಳಗಿದಾರೆ, ಇರಿ ಕರೀತೀನಿ" ಅಂದು, ಸೌಟು ಕೆಳಗಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ:

"ರತ್ನಾ!"